ಓಲೆಕಾರನ ಪ್ರೇಮ

ಈ ವಿಶೇಷ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕರು ಕೇಳಿದಾಗ, ಪ್ರೇಮಪತ್ರಗಳ ಬಗ್ಗೆ ಬರೆಯುತ್ತೇನೆ ಅಂದೆ. ಅವರು ಒಂದು ಗಳಿಗೆ ಸುಮ್ಮನಾದರು. ಆಮೇಲೆ, 'ಆಗಲಿ ಮಾರಾಯ, ಆದರೆ ಇದು ದಲಿತ ವಿಮರ್ಶೆಯ ಸಂಚಿಕೆ ಅನ್ನೋದು ನೆನಪಿರಲಿ' ಅಂದರು. ಆ ಒಂದು ಗಳಿಗೆಯ ಮೌನಕ್ಕೆ ಉತ್ತರ ಕೊಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ದಲಿತನೊಬ್ಬ ಹಸಿವಿನ ಬಗ್ಗೆ ಬರೆದರೆ ಯಾರಿಗೂ ಆಶ್ಚರ್ಯವಿಲ್ಲ. ಅವಮಾನದ ಬಗ್ಗೆ ಬರೆದರೆ ಸಭೆ ತಲೆದೂಗುತ್ತದೆ. ಅವನು ಪ್ರೀತಿಯ ಬಗ್ಗೆ ಬರೆದರೆ ಮಾತ್ರ, ಅದೂ ನಮ್ಮವರೇ, ಇವನು ಚಳವಳಿ ಬಿಟ್ಟನೇನೋ ಎಂಬಂತೆ ನೋಡುತ್ತಾರೆ.

ಹೋದ ವರ್ಷ ಬಿ.ಎ. ತರಗತಿಯಲ್ಲಿ ಶಾಕುಂತಲದ ಕಥೆ ಹೇಳುತ್ತಿದ್ದೆ. ಮೂರನೆಯ ಅಂಕದಲ್ಲಿ ಶಕುಂತಲೆ ದುಷ್ಯಂತನಿಗೆ ಓಲೆ ಬರೆಯಬೇಕು, ಬರೆಯುವ ಸಾಮಗ್ರಿ ಹತ್ತಿರವಿಲ್ಲ. ತಾವರೆಯೆಲೆಯ ಮೇಲೆ ಉಗುರಿನಿಂದ ಬರೆ ಎಂದು ಪ್ರಿಯಂವದೆ ಹೇಳುತ್ತಾಳೆ. ಶಕುಂತಲೆ ಬರೆಯುವುದು ಪ್ರಾಕೃತದಲ್ಲಿ, ದೊರೆ ಮಾತಾಡುವುದು ಸಂಸ್ಕೃತದಲ್ಲಿ. ಪ್ರೇಮಿಗಳಿಬ್ಬರ ನಡುವೆ ಭಾಷೆಯ ಮೇಲುಕೀಳು ಆಗಲೇ ಬಂದು ಕೂತಿದೆ. ಇಷ್ಟನ್ನು ನಾನು ಉತ್ಸಾಹದಿಂದಲೇ ವಿವರಿಸಿದೆ. ಆರನೆಯ ಅಂಕದ ಶುರುವಿಗೆ ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, 'ಸಾರ್, ಉಂಗುರ ಸಿಕ್ಕಿದ್ದೇ ಅವನಿಂದ ಅಲ್ವಾ? ಅವನಿಗ್ಯಾಕೆ ಸಾರ್ ಏಟು?' ಅಂದಳು. ತರಗತಿ ನಕ್ಕಿತು. ಅದು ಹಾಸ್ಯದ ದೃಶ್ಯ ಕಣಮ್ಮ ಎಂದು ಗೈಡಿನ ಉತ್ತರ ಹೇಳಿ ನಾನೂ ಮುಂದಕ್ಕೆ ಹೋದೆ.

ಅವತ್ತು ರಾತ್ರಿ ಆ ಭಾಗವನ್ನು ಮತ್ತೆ ಓದಿದೆ. ದೊರೆಯ ಪ್ರೇಮಕ್ಕೆ ಉಳಿದಿರುವ ಒಂದೇ ಸಾಕ್ಷಿ ಆ ಉಂಗುರ. ಅದು ಮೀನಿನ ಹೊಟ್ಟೆಯಲ್ಲಿ ಬೆಸ್ತನೊಬ್ಬನಿಗೆ ಸಿಗುತ್ತದೆ. ಅವನ ಕೈ ಕಟ್ಟಿ ಕಾವಲುಗಾರರು ಎಳೆದು ತರುತ್ತಾರೆ. ಅವನ ಕಸುಬನ್ನು ಆಡಿಕೊಳ್ಳುತ್ತಾರೆ. ಶೂಲಕ್ಕೋ ನಾಯಿಗಳಿಗೋ ಅನ್ನುವ ಧಾಟಿಯಲ್ಲಿ ತಮಾಷೆ ನಡೆಯುತ್ತದೆ. ಕೊನೆಗೆ ದೊರೆ ಉಂಗುರದ ಬೆಲೆಯಷ್ಟು ಹಣ ಕೊಟ್ಟು ಬಿಡಿಸುತ್ತಾನೆ, ಬೆಸ್ತ ಅದರಲ್ಲಿ ಅರ್ಧವನ್ನು ಹೊಡೆದವರಿಗೇ ಕೊಟ್ಟು ಅವರೊಂದಿಗೆ ಹೆಂಡದಂಗಡಿಗೆ ಹೋಗುತ್ತಾನೆ. ಕಾಳಿದಾಸ ಅನ್ಯಾಯ ಮಾಡಿದ ಎಂದು ನಾನು ಹೇಳುತ್ತಿಲ್ಲ. ಅವನು ಕಂಡದ್ದನ್ನು ಮುಚ್ಚದೆ ಇಟ್ಟಿದ್ದಾನೆ. ಬಸವಪ್ಪಶಾಸ್ತ್ರಿಗಳು ಕನ್ನಡಕ್ಕೆ ತಂದ ಕಾಲದಿಂದ ಈವರೆಗೆ ತಾವರೆಯೆಲೆಯ ಓಲೆಗೆ ಬಂದಿರುವ ಭಾಷ್ಯದಲ್ಲಿ ಕಾಲುಪಾಲಾದರೂ ಈ ಬೆಸ್ತನ ಬೆನ್ನಿನ ಬಾಸುಂಡೆಗೆ ಯಾಕೆ ಬರಲಿಲ್ಲ ಅನ್ನುವುದಷ್ಟೇ ನನ್ನ ತಕರಾರು. (ಮೇಘದೂತದ ಯಕ್ಷನೂ ಕೆಲಸದಲ್ಲಿ ತಪ್ಪಿದ್ದಕ್ಕೆ ಧಣಿಯಿಂದ ಒಂದು ವರ್ಷ ಗಡೀಪಾರಾದ ಆಳೇ. ಹಾಗೆ ಓದಿದವರನ್ನು ನಾನು ಕಾಣೆ.)

ಪ್ರೇಮಪತ್ರ ಎಂದರೆ ನಮ್ಮ ಶಿಷ್ಟ ವಿಮರ್ಶೆಗೆ ಇಬ್ಬರು ಮಾತ್ರ: ಬರೆದವರು, ಓದಿದವರು. ನಡುವೆ ನಡೆದುಕೊಂಡು ಹೋದವನ ಲೆಕ್ಕವಿಲ್ಲ. ನಮ್ಮ ಊರುಗಳಲ್ಲಿ ಆ ನಡೆದವನು ಯಾರು ಅನ್ನುವುದು ಎಲ್ಲರಿಗೂ ಗೊತ್ತು. ತೋಟಿ, ತಳವಾರ, ಕುಳವಾಡಿ. ಉತ್ತರ ಕರ್ನಾಟಕದ ಕಡೆ ವಾಲೀಕಾರ ಎಂಬ ಹೆಸರೇ ಓಲೆಕಾರನಿಂದ ಬಂದದ್ದು. ವ್ಯೋಮಾವ್ಯೋಮದಂಥ ಮಹಾಕಾವ್ಯ ಬರೆದ ಚೆನ್ನಣ್ಣ ವಾಲೀಕಾರರು ಆ ಹೆಸರನ್ನು ಬದಲಿಸಿಕೊಳ್ಳಲಿಲ್ಲ. ನನ್ನ ತಾತನೂ ಈ ಕೆಲಸ ಮಾಡಿದವನೇ. ಊರವರ ಸಾವಿನ ಸುದ್ದಿಯನ್ನು ಹತ್ತು ಹಳ್ಳಿಯ ನೆಂಟರಿಗೆ ಮುಟ್ಟಿಸಿ, ಬಾಗಿಲ ಹೊರಗೆ ನಿಂತು ಹೇಳಿ, ಕೊಟ್ಟರೆ ಮುಷ್ಟಿ ರಾಗಿ ಸೆರಗಿಗೆ ಹಾಕಿಸಿಕೊಂಡು ಬರುತ್ತಿದ್ದ. ಅಕ್ಷರ ಹೊತ್ತವನಿಗೆ ಅಕ್ಷರ ಬಾರದು.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಗುತ್ತಿ ನನಗೆ ಮುಖ್ಯನಾಗುವುದು ಇಲ್ಲಿ. ಸಿಂಬಾವಿ ಹೆಗ್ಗಡೆಯ ಹೊಲೆಯಾಳು ಗುತ್ತಿ, ಒಡೆಯನ ಕಾಗದ ಹಿಡಿದು ನಾಯಿ ಹುಲಿಯನ ಜತೆ ಕಾಡುದಾರಿ ತುಳಿಯುತ್ತಾನೆ. ಆ ನಡಿಗೆಯೊಳಗೇ ಅವನದೇ ಇನ್ನೊಂದು ಕೆಲಸವೂ ಇದೆ, ಬೆಟ್ಟಳ್ಳಿ ಕೇರಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವುದು. ಒಡೆಯನಿಗೆ ಕಾಗದವಿದೆ, ಕಾಗದ ಒಯ್ಯಲು ಆಳಿದ್ದಾನೆ. ಗುತ್ತಿಗೆ ಎರಡೂ ಇಲ್ಲ. ಅವನು ಕಳಿಸಬಹುದಾದ ಒಂದೇ ಓಲೆ ಅವನ ಮೈ. ಆದ್ದರಿಂದ ಅವನೇ ಹೋಗುತ್ತಾನೆ. ಕೊನೆಯಲ್ಲಿ ಉಕ್ಕಿದ ತುಂಗೆಯನ್ನು ಅವರು ದಾಟುತ್ತಾರೆ, ಹುಲಿಯ ದಾಟುವುದಿಲ್ಲ. ನಾನು ಎಂ.ಎ. ಓದುವಾಗ ಆ ನಾಯಿಯ ಸಾವಿನ ಸಂಕೇತದ ಬಗ್ಗೆ ಟಿಪ್ಪಣಿ ಬರೆದು ಒಳ್ಳೆಯ ಅಂಕ ತಗೊಂಡೆ. ಗುತ್ತಿಯ ಕೈಯಲ್ಲಿದ್ದ ಕಾಗದ ಯಾರದು, ಅವನ ಬಾಯಲ್ಲಿದ್ದ ಮಾತು ಯಾರದು ಅಂತ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಬಹುಶಃ ಅಂಕವೂ ಬರುತ್ತಿರಲಿಲ್ಲ.

ದೇವನೂರ ಮಹಾದೇವರ 'ಕುಸುಮಬಾಲೆ' (1984) ಇದರ ಮುಂದಿನ ಹೆಜ್ಜೆ. ಮೇಲ್ಜಾತಿಯ ಕುಸುಮಳನ್ನು ಕೂಡಿದ ಚನ್ನ ಕೊಲೆಯಾಗಿದ್ದಾನೆ. ಕೊಂದವರು ಮುಚ್ಚಿಟ್ಟಿದ್ದಾರೆ. ಇಂಥ ಕಡೆ ಕಥೆಯನ್ನು ಓದುಗನಿಗೆ ಮುಟ್ಟಿಸಬೇಕಾದರೆ ಇರುಳು ಕೂಡುವ ಜೋತಮ್ಮಗಳು ಬಾಯಿ ಬಿಡಬೇಕು, ಮಂಚ ಮಾತಾಡಬೇಕು. ಇದನ್ನು ಮಾಂತ್ರಿಕ ವಾಸ್ತವ ಅಂತ ಕರೆದು ಲ್ಯಾಟಿನ್ ಅಮೆರಿಕಕ್ಕೆ ರವಾನೆ ಮಾಡಿದ ವಿಮರ್ಶಕರಿದ್ದಾರೆ. ನನಗೆ ಅದು ಶುದ್ಧ ವಾಸ್ತವ. ಕಾಗದ ಇಟ್ಟುಕೊಳ್ಳಲು ಜಾಗವಿಲ್ಲದವರ ಪ್ರೇಮಕ್ಕೆ ದೀಪವೇ ದಫ್ತರ.

ಕೀಟ್ಸ್ ಫ್ಯಾನಿ ಬ್ರಾನ್‌ಗೆ ಬರೆದ ಕಾಗದಗಳು 1878ರಲ್ಲಿ ಅಚ್ಚಾದವು, ಕಾಫ್ಕಾ ಮಿಲೆನಾಳಿಗೆ ಬರೆದವು 1952ರಲ್ಲಿ. ಇವನ್ನೆಲ್ಲ ಹಾಸ್ಟೆಲಿನಲ್ಲಿ ಓದಿ ನಾನೂ ನಿದ್ದೆಗೆಟ್ಟಿದ್ದೇನೆ. ಫ್ಯಾನಿಯ ಕೊನೆಯ ಕಾಗದಗಳನ್ನು ಒಡೆದು ಓದುವ ಧೈರ್ಯವಿಲ್ಲದೆ ಕೀಟ್ಸ್ ಹಾಗೇ ಇಟ್ಟುಕೊಂಡದ್ದು, ಅವು ಒಡೆಯದೆಯೇ ಅವನ ಜತೆ ಮಣ್ಣಿಗೆ ಹೋದದ್ದು ಓದಿದಾಗ ಗಂಟಲು ಕಟ್ಟಿತ್ತು. ಅದೇ ಹೊತ್ತಿಗೆ ಒಂದು ಹೊಟ್ಟೆಕಿಚ್ಚೂ ಹುಟ್ಟಿತು. ಒಡೆಯದ ಕಾಗದ! ನನ್ನ ಅವ್ವನಿಗೆ ಬಂದ ಒಂದು ಕಾಗದವನ್ನಾದರೂ ಅವಳಿಗಿಂತ ಮೊದಲು ಬೇರೆಯವರು ಒಡೆಯದೆ ಇದ್ದದ್ದುಂಟೆ? ಅದನ್ನು ಆಮೇಲೆ ಹೇಳುತ್ತೇನೆ. 'ಮೈಸೂರ ಮಲ್ಲಿಗೆ'ಯನ್ನು (1942) ನಾನೂ ಬಾಯಿಪಾಠ ಮಾಡಿದವನೇ, ಅದರ ಬಗ್ಗೆ ಜಗಳವಿಲ್ಲ. ಆದರೆ ಆ ಪ್ರೀತಿಗೆ ಒಂದು ಮನೆ ಇದೆ, ಬಾಗಿಲಿದೆ, ಹೋಗಿಬರಲು ತವರಿದೆ, ಮುನಿಸಿಗೆ ಒಂದು ಮೂಲೆ ಇದೆ. ಒಂದಂಕಣದ ಗುಡಿಸಿಲಲ್ಲಿ ಏಳು ಜನ ಮಲಗುವ ಕಡೆ ಮುನಿಸಿಕೊಂಡು ಎಲ್ಲಿಗೆ ಹೋಗೋದು?

ನಮ್ಮ ಕವಿಗಳು ಪ್ರೀತಿಯನ್ನು ಬರೆಯಲಿಲ್ಲ ಅನ್ನುವುದು ಸುಳ್ಳು. 'ಹೊಲೆಮಾದಿಗರ ಹಾಡು' (1975) ಬರೆದ ಸಿದ್ಧಲಿಂಗಯ್ಯನವರೇ ಪುಟ್ಟಣ್ಣ ಕಣಗಾಲರ 'ಧರಣಿ ಮಂಡಲ ಮಧ್ಯದೊಳಗೆ' (1983) ಚಿತ್ರಕ್ಕೆ ಗೆಳತಿಯನ್ನು ಕರೆಯುವ ಹಾಡು ಬರೆದರು. ಅವರು 2021ರಲ್ಲಿ ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲಿ ಹೋರಾಟದ ಹಾಡುಗಳು ಒಂದು ಕಡೆ, ಈ ಹಾಡುಗಳು 'ಜತೆಗೆ ಚಿತ್ರಗೀತೆಗಳನ್ನೂ ಬರೆದರು' ಎಂಬ ಒಂದು ವಾಕ್ಯದಲ್ಲಿ. ಸಿಟ್ಟನ್ನು ಅಸ್ಮಿತೆಗೂ ಪ್ರೀತಿಯನ್ನು ಹೊಟ್ಟೆಪಾಡಿಗೂ ಹಂಚಿಬಿಟ್ಟೆವು. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ದಲ್ಲೂ (1994) ಜಾತಿಗೆ ಬಡಿದು ನಿಂತ ಪ್ರೀತಿಯ ಪ್ರಸಂಗವಿದೆ. ನಾವು ಪಾಠ ಮಾಡುವಾಗ ಸಲೀಸಾಗಿ ಅವಮಾನದ ಪುಟಗಳಿಗೇ ಹೋಗುತ್ತೇವೆ.

ಇನ್ನು ಬಾಬಾಸಾಹೇಬರ ಕಾಗದಗಳು. ಇಲ್ಲಿ ಸ್ವಲ್ಪ ನಿಲ್ಲಬೇಕು.

ಅವರ ಬದುಕಿನ ಕಥೆಯಲ್ಲಿ ಮೊದಲ ಕಾಗದ ಮುಟ್ಟದೇ ಹೋದ ಕಾಗದ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ 1901ರ ಆ ಪ್ರಯಾಣ ಬರುತ್ತದೆ. ಕೋರೆಗಾಂವ್ ಕಡೆ ಕೆಲಸದಲ್ಲಿದ್ದ ಅಪ್ಪನಿಗೆ ಮಕ್ಕಳು, ಇಂಥ ದಿನ ಬರುತ್ತೇವೆ ಎಂದು ಬರೆದಿರುತ್ತಾರೆ. ಜವಾನ ಆ ಕಾಗದವನ್ನು ಅಪ್ಪನಿಗೆ ಕೊಡಲು ಮರೆಯುತ್ತಾನೆ. ಮಸೂರು ಸ್ಟೇಷನ್ನಿನಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡ ಮಕ್ಕಳು ಕಾಯುತ್ತಾ ಕೂರುತ್ತಾರೆ, ಜಾತಿ ಗೊತ್ತಾದ ಮೇಲೆ ಗಾಡಿಯಿಲ್ಲ, ನೀರಿಲ್ಲ. ಒಂದು ಕಾಗದ ಕೈತಪ್ಪಿದರೆ ಮೇಲ್ಜಾತಿಯ ಮಗುವಿಗೆ ಒಂದು ಗಂಟೆಯ ಬೇಜಾರು, ನಮ್ಮ ಮಗುವಿಗೆ ಜಾತಿಯ ಮೊದಲ ಪಾಠ.

ಬೈಖಳಾದ ಮೀನು ಮಾರುಕಟ್ಟೆಯಲ್ಲಿ, ವ್ಯಾಪಾರ ಮುಗಿದ ಮೇಲೆ, ರಾತ್ರಿ ಅವರ ಮದುವೆ ಆಯಿತು. ಹುಡುಗಿ ರಮಾಬಾಯಿ, ಶಾಲೆ ಕಲಿತವಳಲ್ಲ. ಗಂಡ ಹಡಗು ಹತ್ತಿ ಓದಲು ಹೋದ ವರ್ಷಗಳಲ್ಲಿ ಮುಂಬಯಿಯ ಚಾಳಿನಲ್ಲಿ ಬಡತನ ಮತ್ತು ಮಕ್ಕಳ ಕಾಯಿಲೆ ಅವಳ ಪಾಲಿಗೆ. ಲಂಡನ್ನಿನಿಂದ ಅವರು ಮರಾಠಿಯಲ್ಲಿ ಬರೆದ ಕಾಗದಗಳಲ್ಲಿ ದುಡ್ಡಿನ ಚಿಂತೆ ಇದೆ, ಮಕ್ಕಳ ಆರೋಗ್ಯದ ವಿಚಾರಣೆ ಇದೆ. ಏಪ್ರಿಲ್ 14 ಬಂದರೆ ಮೊಬೈಲಿನಿಂದ ಮೊಬೈಲಿಗೆ ಹಾರಾಡುವ 'ರಮಾಯಿಗೆ ಬಾಬಾ ಬರೆದ ಪ್ರೇಮಪತ್ರ'ಗಳ ಜೇನಿನಂಥ ಭಾಷೆಯಲ್ಲಿ ನನಗೆ ಕೇಳುವುದು ಆಮೇಲಿನ ಕವಿಗಳ ದನಿ. ಅದನ್ನು ಹಂಚುವವರನ್ನು ನಾನು ಗೇಲಿ ಮಾಡುವುದಿಲ್ಲ. ಒಂದು ಸಮುದಾಯ ತನ್ನ ನಾಯಕನ ಕೈಯಿಂದ ಒಂದು ಪ್ರೇಮಪತ್ರ ಬೇಕು ಎಂದು ಇಷ್ಟು ಹಂಬಲಿಸುತ್ತದಲ್ಲ, ಅದು ಪಠ್ಯಕ್ಕಿಂತ ದೊಡ್ಡ ಸಂಗತಿ. ನನಗೆ ಬೇಸರವಾಗುವುದು ಬೇರೆ ಕಾರಣಕ್ಕೆ. ಲೆಕ್ಕ, ಕಾಯಿಲೆ, ಇಲ್ಲದ ದುಡ್ಡು ಇವು ಪ್ರೇಮವಲ್ಲ, ಅದಕ್ಕೆ ಬೇರೆ ಚಂದದ ಭಾಷೆ ಬೇಕು ಅನ್ನುವ ನಂಬಿಕೆಯನ್ನು ನಾವು ಯಾರಿಂದ ಕಲಿತೆವು?

ಅವರ ಅತ್ಯಂತ ಎದೆಯೊಡೆದ ಕಾಗದ ಹೆಂಡತಿಗೆ ಬರೆದದ್ದೂ ಅಲ್ಲ. 1926ರಲ್ಲಿ ಕಿರಿಯ ಮಗ ರಾಜರತ್ನ ಸತ್ತಾಗ ಗೆಳೆಯ ದತ್ತೋಬಾ ಪವಾರರಿಗೆ ಬರೆದದ್ದು. ಗಂಗಾಧರ, ರಮೇಶ, ಇಂದು, ರಾಜರತ್ನ, ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟ ಅಪ್ಪನ ಕಾಗದ. ರಮಾಬಾಯಿ 1935ರ ಮೇ 27ರಂದು ತೀರಿಕೊಂಡರು. ಐದು ವರ್ಷದ ನಂತರ, 'ಥಾಟ್ಸ್ ಆನ್ ಪಾಕಿಸ್ತಾನ್' ಎಂಬ, ದೇಶದ ಗಡಿ, ಸೈನ್ಯ, ತೆರಿಗೆ ಕುರಿತ ಪುಸ್ತಕದ ಮೊದಲ ಪುಟದಲ್ಲಿ ಅವರು 'ರಾಮು'ವಿನ ಹೆಸರು ಬರೆದರು. ಅವಳ ಒಳ್ಳೆಯತನವನ್ನೂ ಗೆಳೆಯರಿಲ್ಲದ ದಿನಗಳಲ್ಲಿ ತನ್ನ ಜತೆ ನೊಂದದ್ದನ್ನೂ ನೆನೆದರು. ವಿಳಾಸದಾರಳು ಬದುಕಿಲ್ಲ, ಬದುಕಿದ್ದರೂ ಆ ಇಂಗ್ಲಿಷು ಅವಳಿಗೆ ತಿಳಿಯುತ್ತಿರಲಿಲ್ಲ. ಅರ್ಪಣೆಯ ಪುಟವನ್ನು ನಾವು ಹಾರಿಸಿ ಓದುವವರು. ಆ ಒಂದು ಪುಟವನ್ನು ನಾನು ಪ್ರೇಮಪತ್ರಗಳ ಸಾಲಿನಲ್ಲಿ ಇಡುತ್ತೇನೆ. 1945ರ ಇನ್ನೊಂದು ಪುಸ್ತಕ, ಕಾಂಗ್ರೆಸ್ಸೂ ಗಾಂಧಿಯೂ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳುವ ಆ ಕೆಂಡದಂಥ ಪುಸ್ತಕ, 'ಎಫ್' ಎಂಬ ಒಂದೇ ಅಕ್ಷರಕ್ಕೆ ಅರ್ಪಿತವಾಗಿದೆ. ಕೆಂಡದ ಪುಸ್ತಕದ ಬಾಗಿಲಲ್ಲಿ ಒಂದು ಗುಟ್ಟಿನ ಅಕ್ಷರ. ಸಿಟ್ಟು ಒಂದು ಕಡೆ, ಪ್ರೀತಿ ಒಂದು ಕಡೆ ಅಂತ ಅವರೇನೂ ಹಂಚಿಕೊಂಡಿರಲಿಲ್ಲ.

ಡಾ. ಶಾರದಾ ಕಬೀರರಿಗೆ, ಅಂದರೆ ನಂತರದ ಸವಿತಾ ಅಂಬೇಡ್ಕರರಿಗೆ, ಬರೆದ ಕಾಗದಗಳದು ಮತ್ತೊಂದು ಕಥೆ. ಸಂವಿಧಾನದ ಕರಡಿನ ಕೆಲಸ ನಡೆದಿದ್ದ ತಿಂಗಳುಗಳಲ್ಲೇ ದಿಲ್ಲಿಯಿಂದ ಮುಂಬಯಿಗೆ ಹೋದವು ಅವು. ತನ್ನ ವಯಸ್ಸು, ಕಾಯಿಲೆ ಎರಡನ್ನೂ ಮುಚ್ಚಿಡದೆ, ಒಪ್ಪದಿದ್ದರೆ ಬೇಸರವಿಲ್ಲ ಎಂದು ಮುಂದಿಟ್ಟ ಸಂಬಂಧ ಅದು. 1948ರ ಏಪ್ರಿಲ್ 15ರಂದು ಮದುವೆ. 1956ರ ನಂತರ ಆಕೆಗೆ ಸಿಕ್ಕದ್ದು ಅನುಮಾನ. ಬ್ರಾಹ್ಮಣಳು, ಬಾಬಾನ ಸಾವಿಗೆ ಅವಳೇ ಕಾರಣ ಎಂಬ ಆಪಾದನೆಯನ್ನು ಹೊರಿಸಿದವರು ನಮ್ಮವರೇ. 1990ರಲ್ಲಿ ಆಕೆಯ ಮರಾಠಿ ಆತ್ಮಕಥೆ ಬಂದಾಗಲೂ ಅದನ್ನು ವಕಾಲತ್ತಾಗಿ ಓದಿದವರೇ ಹೆಚ್ಚು, ಪ್ರೀತಿಯ ದಾಖಲೆಯಾಗಿ ಓದಿದವರು ಕಡಿಮೆ. ನಮ್ಮ ಪ್ರೀತಿಗೆ ಜಾತಿಯ ಪ್ರಮಾಣಪತ್ರ ಕೇಳುವ ಮೇಲ್ಜಾತಿಯವರನ್ನು ಬೈಯುತ್ತಾ ನಾವೂ ಅದೇ ಪ್ರಮಾಣಪತ್ರ ಕೇಳಿದೆವು. ಈ ಮಾತು ಕೆಲವು ಗೆಳೆಯರಿಗೆ ಹಿಡಿಸುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಹಿಡಿಸದ ಮತ್ತೊಂದನ್ನೂ ಹೇಳಿಬಿಡುತ್ತೇನೆ. ನಾಮದೇವ ಢಸಾಳರ ಕವಿತೆಯನ್ನು ತಲೆಯ ಮೇಲೆ ಹೊತ್ತು ತಿರುಗುವ ನಾವು, ಮಲ್ಲಿಕಾ ಅಮರ್ ಶೇಖ್ ಅವರ ಆತ್ಮಕಥೆಯನ್ನು (1984) ಪಕ್ಕದಲ್ಲಿಟ್ಟು ಓದಬೇಕು. ಪ್ರೇಮಿಸಿ ಕಟ್ಟಿಕೊಂಡ ಮನೆಯೊಳಗೆ ಕ್ರಾಂತಿಕಾರಿ ಕವಿ ಹೇಗಿದ್ದ ಅನ್ನುವುದನ್ನು ಹೆಂಡತಿ ಬರೆದಿದ್ದಾಳೆ. ದಲಿತ ಗಂಡಸಿನ ಪ್ರೇಮಪತ್ರಕ್ಕೆ ನ್ಯಾಯ ಕೇಳುವ ವಿಮರ್ಶೆ, ಆ ಪತ್ರ ಓದಿ ನಂಬಿ ಬಂದ ಹೆಣ್ಣಿನ ಉತ್ತರವನ್ನು ಒಡೆಯದೆ ಇಡುವಂತಿಲ್ಲ.

ಈ ಕಾಲದಲ್ಲಿ ನಮ್ಮ ಹುಡುಗನ ಪ್ರೇಮಪತ್ರಕ್ಕೆ ಎರಡೇ ಗತಿ: ಮುಟ್ಟದೆ ಉಳಿಯುವುದು, ಇಲ್ಲವೆ ಮುಟ್ಟಿ ಮುಚ್ಚಳಿಕೆಯಾಗುವುದು. ನಾಗರಾಜ ಮಂಜುಳೆಯವರ 'ಫ್ಯಾಂಡ್ರಿ' (2013) ಚಿತ್ರದ ಜಬ್ಯಾ, ಹಂದಿ ಹಿಡಿಯುವ ಕೈಕಾಡಿ ಮನೆಯ ಹುಡುಗ, ಶಾಲುಗೆ ಕಾಗದ ಬರೆಯುತ್ತಾನೆ. ಕೊಡಲಾಗುವುದಿಲ್ಲ. ಅವಳ ಕಣ್ಣೆದುರೇ ಹಂದಿ ಹಿಡಿಯಬೇಕಾಗಿ ಬಂದ ಮೇಲೆ ಕೊನೆಗೆ ಅವನ ಕೈಯಿಂದ ಹೊರಡುವುದು ಕಲ್ಲು, ನೇರ ನಮ್ಮ ಮುಖಕ್ಕೆ. ಅದೇ ವರ್ಷ ಜುಲೈ 4ರಂದು ಧರ್ಮಪುರಿಯ ರೈಲು ಹಳಿಯ ಪಕ್ಕ ಇಳವರಸನ್ ಹೆಣವಾಗಿ ಸಿಕ್ಕ. ಅವನು ಮೇಲಿನ ಜಾತಿಯ ಹುಡುಗಿಯನ್ನು ಮದುವೆಯಾದ ಕಾರಣಕ್ಕೆ 2012ರ ನವೆಂಬರ್ 7ರಂದು ನತ್ತಂ ಕಾಲೋನಿಯೂ ಸೇರಿ ಮೂರು ಕೇರಿಗಳಲ್ಲಿ 200ಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿದ್ದರು. ಅವನು ಬರೆದಿಟ್ಟದ್ದೆನ್ನಲಾದ ಕಾಗದ ಹೊರಬಂದಾಗ ಲೋಕ ಕೇಳಿದ ಮೊದಲ ಪ್ರಶ್ನೆ ಅದರಲ್ಲಿ ಏನಿದೆ ಎಂದಲ್ಲ. ಕೈಬರಹ ಅವನದೇ ಹೌದೆ ಎಂದು. ನಮ್ಮವರ ಪ್ರೇಮಪತ್ರದ ಮೊದಲ ವಿಮರ್ಶಕ ಸಬ್ ಇನ್ಸ್‌ಪೆಕ್ಟರು.

ಅವ್ವನ ಕಾಗದದ ಮಾತಿಗೆ ಬರುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದ. ಕೇರಿಯ ಕಾಗದಗಳು ಕೇರಿಗೆ ಬರುತ್ತಿರಲಿಲ್ಲ. ಊರೊಳಗಿನ ಒಂದು ಅಂಗಡಿಯಲ್ಲಿ ಬಿದ್ದಿರುತ್ತಿದ್ದವು. ಅಂಗಡಿಯವರು ಇನ್‌ಲ್ಯಾಂಡು ಹರಿದು, ಜಗಲಿಯ ಮೇಲೆ ಕೂತು ಜೋರಾಗಿ ಓದುತ್ತಿದ್ದರು. ಅವ್ವ ಬೀದಿಯಲ್ಲಿ ನಿಂತು ಕೇಳುತ್ತಿದ್ದಳು. ಬೀಡಿ ಸೇದಲು ಬಂದವರೂ ಕೇಳುತ್ತಿದ್ದರು. 'ಓದವ್ರು ಅವ್ರು, ಕೇಳವ್ಳು ನಾನು. ನಿಮ್ಮಪ್ಪ ಎಲ್ಲಿದ್ದ ಅದ್ರಲ್ಲಿ?' ಅನ್ನುತ್ತಾಳೆ ಅವ್ವ.

ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿ 11 ಇನ್‌ಲ್ಯಾಂಡುಗಳು, 4 ಮನಿಯಾರ್ಡರ್ ಕೂಪನ್ನುಗಳು ಸಿಕ್ಕವು. ಸಹೋದ್ಯೋಗಿ ಗೆಳೆಯನಿಂದ ಅಪ್ಪ ಬರೆಸಿದವು. ನಾನು ವಿಮರ್ಶಕನ ಕಣ್ಣಿನಿಂದ ಓದಿದೆ. ಇತ್ತ ಕ್ಷೇಮ, ಅತ್ತ ಕ್ಷೇಮ. ದುಡ್ಡು ಕಳಿಸಿದ್ದು, ಸೊಸೈಟಿ ಅಕ್ಕಿ, ನನ್ನ ನೆಗಡಿ. ಪ್ರತಿಯೊಂದರ ಕೊನೆಯಲ್ಲೂ ಆಡಿನ ವಿಚಾರ. ಕೂಪನ್ನಿನ ಕೆಳಗಿನ ಬೆರಳಗಲದ ಜಾಗದಲ್ಲೂ ಅದೇ: ಕರಿ ಆಡು ಮೇವು ತಿನ್ನುತ್ತಾ, ಆಡಿಗೆ ಚಳಿಯಾಗದಂತೆ ನೋಡಿಕೋ, ಆಡನ್ನು ಬಿಟ್ಟಿರಲು ಆಗುತ್ತಿಲ್ಲ. ಹಳ್ಳಿಗಾಡಿನ ಮನುಷ್ಯ-ಪ್ರಾಣಿ ಸಂಬಂಧ ಅಂತ ಒಂದು ಲೇಖನ ಬರೆಯಬಹುದು ಅಂದುಕೊಂಡೆ. ಸುಮ್ಮನೆ ಅವ್ವನನ್ನು ಕೇಳಿದೆ, 'ಆ ಕರಿ ಆಡು ಏನಾಯ್ತವ್ವ?'

ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ನಮ್ಮ ಮನೆಯಲ್ಲಿ ಆಡೇ ಇರಲಿಲ್ಲ.

ಜಗಲಿಯ ಮೇಲೆ ಓದುತ್ತಾರೆ ಅಂತ ಗೊತ್ತಿದ್ದ ಅಪ್ಪ ಹೊರಡುವಾಗಲೇ ಹೇಳಿ ಹೋಗಿದ್ದನಂತೆ. ಅವ್ವನೂ ಕೇರಿಯ ಹೈಸ್ಕೂಲು ಹುಡುಗನ ಕೈಲಿ ಕಾರ್ಡು ಬರೆಸುತ್ತಿದ್ದಳು: 'ಆಡು ಹಗಲೊತ್ತು ಸುಮ್ಕಿರ್ತದೆ, ರಾತ್ರಿಯಾದ್ರೆ ಅರಚ್ತದೆ ಅಂತ ಬರಿ ಕಣ್ಲಾ.' ಇಷ್ಟು ಕಾಗದ ಓದಿದ ಅಂಗಡಿಯವರು ಒಂದು ದಿನ, 'ಆಡು ಕೊಡ್ತೀಯೇನಮ್ಮಿ, ಒಳ್ಳೆ ರೇಟ್ ಹಾಕ್ಕೊಡ್ತೀನಿ' ಅಂದರಂತೆ. ಇಲ್ಲ ಬುದ್ದೀ, ಅದು ನಮ್ಮೆಜಮಾನ್ರು ಸಾಕಿರೋದು, ಮಾರಕಿಲ್ಲ ಅಂದು ಬಂದಳಂತೆ.

ಈ ಕಾಗದಗಳನ್ನು ಪೂರ್ತಿಯಾಗಿ ಈ ಲೇಖನದ ಜತೆ ಅಚ್ಚು ಹಾಕಿಸಬೇಕು ಅಂತಿದ್ದೆ. ದಲಿತ ಸಂವೇದನೆಯ ದಾಖಲೆ, ಹೊರಗೆ ಬರಬೇಕು ಎಂದೆಲ್ಲ ವಿವರಿಸಿದೆ. ಅವ್ವ ಪೂರ್ತಿ ಕೇಳಿಸಿಕೊಂಡು ಕಾಗದಗಳನ್ನು ನನ್ನ ಕೈಯಿಂದ ತಗೊಂಡಳು.

'ಒಂದ್ಸಲ ಊರೋರೆಲ್ಲ ಕೇಳವ್ರೆ, ಸಾಕು. ಆಡಿನ ಇಸ್ಯ ಬೇಕಾರೆ ಬರ್ಕೊ. ಮಿಕ್ಕಿದ್ದು ಬ್ಯಾಡ.'

ಟ್ರಂಕಿಗೆ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಗಂಟು ಕಟ್ಟಿಕೊಂಡಳು.